ಅಪ್‌ಡೇಟ್: ಅಪ್ಪನ ಹಳೇ ಕಾರಿನ ಚಾರ್ಜಿಂಗ್ ಸರಿಯಾಯ್ತು, ತಪ್ಪು ಅರ್ತ್ ವೈರಿಂದು

ಹೊಸ ಬ್ಯಾಟರಿ ಹಾಕಿದರೂ ಎರಡು ದಿನಕ್ಕೆ ಡೌನ್ ಆಗುತ್ತೆ, ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಭಾಗ) ಬದಲಿಸಬೇಕಾ ಅಂತ ಇಲ್ಲಿ ಕೇಳಿದ್ದೆ. ಬದಲಿಸೋ ಮುಂಚೆ ವೋಲ್ಟೇಜ್ ಎಲ್ಲಿ ಕಳೆದುಹೋಗ್ತಿದೆ ನೋಡಿ ಅಂದಿದ್ದಿರಿ. ನಿನ್ನೆ ನೋಡಿದೆ.

ಎಂಜಿನ್ ಓಡ್ತಾ ಇತ್ತು, ಹೆಡ್‌ಲೈಟ್ ಹಾಕಿದ್ದೆ. ಬ್ಯಾಟರಿ ಮೇಲೆ ಬರೀ 12.3 ವೋಲ್ಟ್. ಆಲ್ಟರ್ನೇಟರ್‌ನ ದಪ್ಪ ಟರ್ಮಿನಲ್‌ಗೂ ಅದರ ಬಾಡಿಗೂ ಮಧ್ಯೆ 14.2! ಅಂದರೆ ಆಲ್ಟರ್ನೇಟರ್ ಚೆನ್ನಾಗೇ ಇದೆ. ಪಾಸಿಟಿವ್ ಕಡೆ ಕಳೆದಿದ್ದು 0.1 ಅಷ್ಟೆ. ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ನೆಗೆಟಿವ್‌ಗೆ ಮೀಟರ್ ಹಿಡಿದರೆ 1.8 ವೋಲ್ಟ್. ಅಂದರೆ ಕಳೆದಿದ್ದು ಹೆಚ್ಚುಕಮ್ಮಿ ಎಲ್ಲಾ ನೆಗೆಟಿವ್ ಕಡೆಯ ಅರ್ತ್ ದಾರಿಯಲ್ಲೇ.

ಎಂಜಿನ್‌ನಿಂದ ಕಾರಿನ ಬಾಡಿಗೆ ಹೋಗೋ ಹೆಣೆದ ತಂತಿಯ ಪಟ್ಟಿ, ಅಂದರೆ ಅರ್ತ್ ವೈರ್, ಬಿಚ್ಚಿದೆ. ಬೋಲ್ಟ್ ಕೆಳಗೆ ಹಸಿರು ಪುಡಿ, ಎಳೆಗಳು ಮುಕ್ಕಾಲು ಪಾಲು ತುಂಡಾಗಿದ್ದವು. ಮೇಲಿಂದ ನೋಡಿದರೆ ಗೊತ್ತೇ ಆಗ್ತಿರಲಿಲ್ಲ. ಎಮರಿ ಪೇಪರ್‌ನಲ್ಲಿ ಉಜ್ಜಿ, ಲೋಹ ಹೊಳೆಯೋ ತನಕ ಕ್ಲೀನ್ ಮಾಡಿ, ಹೊಸ ಪಟ್ಟಿ ಬಿಗಿದೆ.

ಈಗ ಹೆಡ್‌ಲೈಟ್ ಹಾಕಿದರೂ ಬ್ಯಾಟರಿ ಮೇಲೆ 14 ವೋಲ್ಟ್ ಇದೆ. ಮೊದಲು ಸೆಲ್ಫ್ (ಸ್ಟಾರ್ಟರ್ ಮೋಟರ್) ಎಳೆದೆಳೆದು ತಿರುಗ್ತಿತ್ತು, ಈಗ ಅದೂ ಒಂದೇ ಸಲಕ್ಕೆ ಹಿಡಿಯುತ್ತೆ. ಅದೇ ಪಟ್ಟಿಯಲ್ಲೇ ಅದರ ಕರೆಂಟೂ ಹೋಗಬೇಕಿತ್ತು.

ನೀವು ತಡೆಯದಿದ್ದರೆ ಒಳ್ಳೇ ಆಲ್ಟರ್ನೇಟರ್ ಸುಮ್ನೆ ಗುಜರಿಗೆ ಹೋಗ್ತಿತ್ತು. ತುಂಬಾ ಥ್ಯಾಂಕ್ಸ್. ಅಪ್ಪ ಇವತ್ತು ಬೆಳಿಗ್ಗೆ ತಾವೇ ಓಡಿಸಿಕೊಂಡು ಹೋದರು.