ಟೈಲ್ಸ್ ಹಾಕಿಸುವ ಮುನ್ನ: ಡೊಂಬಿವಲಿಯ ಒಂದು ಪ್ರಶ್ನೆ, ಅನುಭವಸ್ಥರ ಉತ್ತರ

ಡೊಂಬಿವಲಿಯಿಂದ, ಪ್ರಶ್ನೆ:
ನಮ್ಮದು ಮೂವತ್ತು ವರ್ಷ ಹಳೆಯ ಕಟ್ಟಡ, ಎರಡನೆಯ ಮಹಡಿ. ಹಾಲ್ ಮತ್ತು ಅಡುಗೆಮನೆ ಸೇರಿ 300 ಚದರ ಅಡಿ, ಜೊತೆಗೆ ಬಚ್ಚಲುಮನೆ. ಎಲ್ಲ ಕಡೆಗೂ ಸೆರಾಮಿಕ್ ಸಾಕು ಎನ್ನುತ್ತಾನೆ ಅಂಗಡಿಯವನು. ವಿಟ್ರಿಫೈಡ್ ಬಿಟ್ಟು ಬೇರೆ ಮುಟ್ಟಬೇಡಿ ಎನ್ನುತ್ತಾರೆ ಪಕ್ಕದ ಮನೆಯವರು. ಇಬ್ಬರು ಮಿಸ್ತ್ರಿಗಳು ಬಂದು ನೋಡಿದ್ದಾರೆ. ಒಬ್ಬನ ದರ ಇನ್ನೊಬ್ಬನ ದರದ ಅರ್ಧ. ಮನೆಯಲ್ಲಿ ಮೊಣಕಾಲು ನೋವಿನ ಅತ್ತೆ ಇದ್ದಾರೆ. ಮಾಡಿಸಿದವರು ದಯವಿಟ್ಟು ಹೇಳಿ.

ಮುಲುಂಡಿನಿಂದ:
ಅಕ್ಕಾ, ನಾನು ಮೋಸಹೋದ ಕಥೆಯಿಂದಲೇ ಶುರು ಮಾಡುತ್ತೇನೆ. ಮಿಸ್ತ್ರಿಯ ಮೊಬೈಲಿನಲ್ಲಿದ್ದ ಚಿತ್ರಗಳನ್ನು ನೋಡಿ ಕೆಲಸ ಒಪ್ಪಿಸಿದವನು ನಾನು. ಬಚ್ಚಲು ಹೋಟೆಲಿನ ಹಾಗೆ ಹೊಳೆಯಿತು. ನಾಲ್ಕು ತಿಂಗಳಾಗುವಷ್ಟರಲ್ಲಿ ಕೆಳಗಿನ ಮನೆಯವರ ಚಾವಣಿಯಲ್ಲಿ ಹಳದಿ ಕಲೆ, ಆಮೇಲೆ ಹನಿ, ಆಮೇಲೆ ಕಟ್ಟಡದ ಸೊಸೈಟಿಯಿಂದ ಪತ್ರ. ಟೈಲ್ಸಿನದು ಎಳ್ಳಷ್ಟೂ ತಪ್ಪಿರಲಿಲ್ಲ. ಹಳೆಯದನ್ನು ಒಡೆಯುವಾಗ ಅಡಿಯ ವಾಟರ್‌ಪ್ರೂಫಿಂಗ್ ಕಿತ್ತುಹೋಗಿತ್ತು, ಅದರ ಮೇಲೆಯೇ ಸಿಮೆಂಟ್ ಸುರಿದು ಮುಚ್ಚಿದ್ದರು. ಸಾಲದ್ದಕ್ಕೆ ನೆಲದ ಇಳಿಜಾರು, ಅಂದರೆ ವಾಟ, ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಕಡೆಗಲ್ಲ, ಬಾಗಿಲ ಕಡೆಗೆ ಇತ್ತು. ಎಲ್ಲವನ್ನೂ ಒಡೆದು ಮತ್ತೆ ಮಾಡಿಸಿದೆ.

ಎರಡನೆಯ ಸಲ ಚಿತ್ರ ನೋಡಲಿಲ್ಲ. ಮೂರು ವರ್ಷದ ಹಿಂದೆ ಮಾಡಿದ ಒಂದು ಬಚ್ಚಲು ತೋರಿಸು ಎಂದೆ. ಹೊಸ ಕೆಲಸ ಯಾರದ್ದಾದರೂ ಚೆನ್ನಾಗಿಯೇ ಕಾಣುತ್ತದೆ, ಮೂರು ಮಳೆಗಾಲ ಕಂಡದ್ದನ್ನು ನೋಡಬೇಕು. ಆ ಮನೆಯವರ ಅಪ್ಪಣೆ ಕೇಳಿ ಒಂದು ಬಕೆಟ್ ನೀರು ಚೆಲ್ಲಿ ನಿಂತೆ. ನೀರು ತಾನಾಗಿ ಟ್ರ್ಯಾಪಿಗೆ ಹೋಗಬೇಕು, ಮೂಲೆಯಲ್ಲಿ ಕುಳಿತರೆ ಬೇಡ. ನಾಣ್ಯದಿಂದ ನಾಲ್ಕು ಮೂಲೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ನಡುವೆ ಮಾತ್ರ ಸಿಮೆಂಟಿನ ಮುದ್ದೆ ಇಟ್ಟು ಅಂಟಿಸಿದ್ದಾನೆ ಎಂದು ಅರ್ಥ. ಭಾರದ ವಸ್ತು ಬಿದ್ದ ದಿನ ಆ ಮೂಲೆ ಒಡೆಯುತ್ತದೆ.

ಇನ್ನೊಂದು ಮಾತನ್ನು ಕಾಗದದಲ್ಲಿ ಬರೆಸಿಕೊಳ್ಳಿ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ, ಟೈಲ್ಸಿಗೆ ಕೈ ಹಾಕುವ ಮೊದಲು, ಟ್ರ್ಯಾಪಿಗೆ ಬಿರಡೆ ಬಡಿದು, ಹೊಸಿಲಿಗೆ ಸಿಮೆಂಟಿನ ಕಟ್ಟೆ ಕಟ್ಟಿ, ಎರಡು ಇಂಚು ನೀರು ಎರಡು ದಿನ ನಿಲ್ಲಿಸಬೇಕು. ಕೆಳಗಿನ ಮನೆಯವರ ಚಾವಣಿಯನ್ನು ಹೋಗಿ ನೀವೇ ನೋಡಿ. ಎರಡು ದಿನದ ಕೂಲಿ ಹಾಳು ಎಂದು ಮಿಸ್ತ್ರಿ ಗೊಣಗುತ್ತಾನೆ. ಗೊಣಗಲಿ.

ಠಾಣೆಯಿಂದ, ಒಂದು ಕಾಲದಲ್ಲಿ ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೆದವನು:
ನಿಮ್ಮ ಅಂಗಡಿಯವನೂ ಪಕ್ಕದ ಮನೆಯವರೂ ಅರ್ಧರ್ಧ ಸರಿ. ಸೆರಾಮಿಕ್, ವಿಟ್ರಿಫೈಡ್ ಎರಡೂ ಮಣ್ಣಿನವೇ, ವ್ಯತ್ಯಾಸ ಇರುವುದು ನೀರು ಹೀರುವುದರಲ್ಲಿ. ವಿಟ್ರಿಫೈಡ್ ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಗೋಡೆಯ ಸೆರಾಮಿಕ್ ಶೇ. 10ಕ್ಕೂ ಹೆಚ್ಚು ಹೀರುತ್ತದೆ. ಗೋಡೆಗೆ ಅದು ಧಾರಾಳವಾಗಿ ಸಾಕು, ಹಗುರ, ಮೊಳೆಗೆ ತೂತು ಕೊರೆಯುವುದೂ ಸುಲಭ. ಆದರೆ ಗೋಡೆಯದನ್ನು ನೆಲಕ್ಕೆ ಹಾಕಬೇಡಿ, ಪಾತ್ರೆ ಬಿದ್ದರೆ ಬಿರುಕು ಬಿಡುತ್ತದೆ. ಹಾಲ್ ಮತ್ತು ಅಡುಗೆಮನೆಯ ನೆಲಕ್ಕೆ ವಿಟ್ರಿಫೈಡ್ ತೆಗೆದುಕೊಳ್ಳಿ.

ಹೀರದಿರುವ ಗುಣಕ್ಕೆ ಒಂದು ಬೆಲೆಯಿದೆ: ಬರೀ ಸಿಮೆಂಟಿನ ಹಾಲು ವಿಟ್ರಿಫೈಡನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ಟೈಲ್ ಅಡ್ಹೆಸಿವ್ ಬೇಕು. ಚೀಲದ ಮೇಲೆ ಐಎಸ್ 15477 (ಟೈಲ್ ಅಂಟಿನ ಭಾರತೀಯ ಮಾನದಂಡ) ಎಂದು ಇದೆಯೇ ನೋಡಿ. ಗೋಡೆಯ ಸೆರಾಮಿಕ್ಕನ್ನು ಸಿಮೆಂಟಿನಿಂದ ಅಂಟಿಸುವುದಾದರೆ ಮೊದಲು ನೀರಿನಲ್ಲಿ ನೆನೆಸಬೇಕು, ಇಲ್ಲದಿದ್ದರೆ ಅದು ಸಿಮೆಂಟಿನ ನೀರನ್ನೇ ಕುಡಿದುಬಿಡುತ್ತದೆ.

ಈಗ ನಾನು ದಿನಾ ನೋಡುತ್ತಿದ್ದ ಜಗಳ. ಎರಡಡಿ-ಎರಡಡಿ ಎಂದು ಮಾರುವ ಟೈಲ್ ನಿಜಕ್ಕೂ 600 ಮಿಲಿಮೀಟರ್. ನಾಲ್ಕು ಟೈಲಿನ ಪೆಟ್ಟಿಗೆ 16 ಚದರ ಅಡಿಯಲ್ಲ, ಹದಿನೈದೂವರೆ. ನಿಮ್ಮ 300ಕ್ಕೆ ಕತ್ತರಿಸುವ ನಷ್ಟ ಶೇ. 10 ಸೇರಿಸಿದರೆ 330. ಹದಿನಾರರ ಲೆಕ್ಕದಲ್ಲಿ 21 ಪೆಟ್ಟಿಗೆ, ನಿಜದ ಲೆಕ್ಕದಲ್ಲಿ 22. ಆ ಒಂದು ಪೆಟ್ಟಿಗೆಗಾಗಿ ಹದಿನೈದು ದಿನದ ಮೇಲೆ ಓಡಿದರೆ ಅದೇ ಬ್ಯಾಚ್ ಸಿಗುವುದಿಲ್ಲ. ಗುಜರಾತಿನ ಮೋರ್ಬಿಯಿಂದ ಬರುವ ಒಂದೇ ಹೆಸರಿನ ಮಾಲಿನಲ್ಲೂ ಬ್ಯಾಚಿನಿಂದ ಬ್ಯಾಚಿಗೆ ಬಣ್ಣ ತುಸು ಬದಲಾಗುತ್ತದೆ. ಎಲ್ಲ ಪೆಟ್ಟಿಗೆಗಳ ಶೇಡ್ ಮತ್ತು ಬ್ಯಾಚ್ ಸಂಖ್ಯೆ ಒಂದೇ ಇದೆಯೇ ಎಂದು ಟೆಂಪೊದಿಂದ ಇಳಿಸುವಾಗಲೇ ನೋಡಿ.

ಪುಣೆಯಿಂದ, ಮೂಲ ಊರು ಕಲಬುರಗಿ:
ಅರ್ಧ ದರದ ಗುಟ್ಟು ನನಗೆ ಗೊತ್ತು. ನಮ್ಮಲ್ಲೂ ಒಬ್ಬ ಬ್ರಾಸಿನ ಲೆಕ್ಕದಲ್ಲಿ ಅಗ್ಗದ ದರ ಹೇಳಿದ್ದ (ಇಲ್ಲಿ ಒಂದು ಬ್ರಾಸ್ ಎಂದರೆ 100 ಚದರ ಅಡಿ). ಕೊನೆಗೆ ಬಿಲ್ಲಿನಲ್ಲಿ ಗೋಡೆಯಂಚಿನ ಪಟ್ಟಿಗೆ ಬೇರೆ, ಹಳೆಯದನ್ನು ಒಡೆಯಲು ಬೇರೆ, ರಾಡಾರೋಡಾ (ಒಡೆದ ಚೂರು, ಕಸ) ಹೊತ್ತು ಕೆಳಗಿಳಿಸಲು ಬೇರೆ. ಒಟ್ಟು ಮಾಡಿದಾಗ ದುಬಾರಿ ಮಿಸ್ತ್ರಿಗಿಂತ ಹೆಚ್ಚಾಯಿತು. ದರದಲ್ಲಿ ಏನೇನು ಸೇರಿದೆ ಎಂದು ಮೊದಲೇ ಕೇಳಿ. ಬಟ್ಟೆ ಒಗೆಯುವ ಡ್ರೈ ಬಾಲ್ಕನಿಯಲ್ಲಿ ಮಾತ್ರ ನಾನು ಯಾವ ಟೈಲನ್ನೂ ಬಿಟ್ಟುಕೊಳ್ಳಲಿಲ್ಲ. ನಮ್ಮ ಶಹಾಬಾದಿನ ಫರಸಿ ಕಲ್ಲೇ ಇದೆ. ಊರಿನ ಅಭಿಮಾನ ಎಂದು ಹೆಂಡತಿ ನಗುತ್ತಾಳೆ.

ಗೋವಾದ ವಾಸ್ಕೊದಿಂದ:
ಅತ್ತೆಯವರ ವಿಷಯ ಯಾರೂ ಎತ್ತಲಿಲ್ಲ. ಬಚ್ಚಲಿನ ನೆಲಕ್ಕೆ ಹೊಳಪಿಲ್ಲದ, ಒಂದಡಿಯ ಚಿಕ್ಕ ಟೈಲ್ ಹಾಕಿಸಿ. ಚಿಕ್ಕದಾದರೆ ವಾಟ ಕೊಡುವುದು ಸುಲಭ, ಸಂದುಗಳು ಹೆಚ್ಚಿರುವುದರಿಂದ ಕಾಲಿಗೂ ಹಿಡಿತ. ಜಾರದಿರುವುದಕ್ಕೆ ಆರ್ 9ರಿಂದ ಆರ್ 13ರವರೆಗೆ ದರ್ಜೆಗಳಿವೆ, ಅಂಕಿ ಏರಿದಷ್ಟೂ ಹಿಡಿತ ಹೆಚ್ಚು. ತೀರ ಮೇಲಿನದು ಬೇಡ, ಆ ತರಿಯಲ್ಲಿ ಕೂತ ಕೊಳೆಯನ್ನು ಉಜ್ಜುವವರು ನೀವೇ. ಸಂದಿಗೆ ತುಂಬುವ ಎಪಾಕ್ಸಿ ಗ್ರೌಟ್ ದುಬಾರಿ, ಆದರೆ ನೀರು ಹೀರುವುದಿಲ್ಲ. ನಮ್ಮ ಜಗಲಿಗೆ ಬಿಳಿ ಸಿಮೆಂಟ್ ತುಂಬಿಸಿದ್ದೆ. ಮುರಕಲ್ಲಿನ ಕೆಂಪು ಮಣ್ಣು ಒಂದೇ ಮಳೆಗಾಲದಲ್ಲಿ ಅದಕ್ಕೆ ಕಾವಿ ಬಳಿಯಿತು.

ಡೊಂಬಿವಲಿಯಿಂದ, ಮತ್ತೆ:
ಎಲ್ಲರಿಗೂ ನಮಸ್ಕಾರ. ಮಿಸ್ತ್ರಿ ಬ್ರಾಸ್ ಎಂದಾಗ ಅವನು ಹಿತ್ತಾಳೆಯ ನಲ್ಲಿಯ ಮಾತಾಡುತ್ತಿದ್ದಾನೆ ಎಂದುಕೊಂಡಿದ್ದೆ! ಅಗ್ಗದ ಮಿಸ್ತ್ರಿಗೆ ಹಳೆಯ ಕೆಲಸ ತೋರಿಸು ಎಂದೆ. ಮೂರು ಮನೆಗಳ ಹೆಸರು ಹೇಳಿದ, ಮೂರೂ ಮನೆಯವರು ಊರಿಗೆ ಹೋಗಿದ್ದಾರಂತೆ. ಇನ್ನೊಬ್ಬ ಠಾಕುರ್ಲಿಗೆ ಕರೆದೊಯ್ದ. ಬಕೆಟ್ ಚೆಲ್ಲಿದಾಗ ಕಮೋಡಿನ ಹಿಂದೆ ಅಂಗೈಯಗಲ ನೀರು ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ಅವನು ಕುಕ್ಕರಗಾಲಲ್ಲಿ ಕುಳಿತು ಬೆರಳಾಡಿಸಿ, ಇಲ್ಲಿ ನನ್ನ ಕೈ ತಪ್ಪಿದೆ ಎಂದ. ಅವನಿಗೇ ಕೆಲಸ ಒಪ್ಪಿಸಿದ್ದೇನೆ. ಅತ್ತೆ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು, ಐದು ಮಾದರಿಗಳ ಮೇಲೆ ನೀರು ಹಾಕಿಸಿ ಒಂದೊಂದರ ಮೇಲೂ ನಿಂತು ನೋಡಿ, ನನಗೆ ಸ್ವಲ್ಪವೂ ಹಿಡಿಸದ ಬೂದು ಬಣ್ಣವನ್ನು ಆರಿಸಿದರು. ಗಣಪತಿ ಹಬ್ಬ ಮುಗಿದ ಮೇಲೆ ಒಡೆಯಲು ಶುರು. ಎರಡು ದಿನ ಚಾವಣಿ ನೋಡಲು ಬರುತ್ತೇನೆ ಎಂದು ಕೆಳಗಿನ ಮನೆಯ ಆಜಿಗೆ ಹೇಳಿಟ್ಟಿದ್ದೇನೆ.