ಕಿಟಕಿ ಪಕ್ಕದ ಸಸಿ ಪಾಲಿಹೌಸಿಗೆ ಹೋಗಿ ಬಿಳಿಚಿಕೊಂಡಿದೆ, ಏನು ಮಾಡಲಿ?

ಮೂಡಿಗೆರೆಯಿಂದ:
ನಮಸ್ಕಾರ. ಅಡುಗೆಮನೆ ಕಿಟಕಿ ಪಕ್ಕ ಒಂದು ಪ್ರೋಟ್ರೇ (ಸಸಿ ಬೆಳೆಸೋ ಗುಳಿಗಳ ಟ್ರೇ) ಟೊಮೆಟೊ, ಒಂದು ಪ್ರೋಟ್ರೇ ದಪ್ಪ ಮೆಣಸಿನಕಾಯಿ ಹಾಕಿದ್ದೆ. ಚೆನ್ನಾಗೇ ಬಂದಿತ್ತು. ಕಾಫಿ ಕೊಯ್ಲು ಶುರುವಾದರೆ ಬಿಡುವಿರಲ್ಲ ಅಂತ ಭಾನುವಾರ ಎರಡನ್ನೂ ಒಟ್ಟಿಗೇ ಹಿತ್ತಲಿನ ಪಾಲಿಹೌಸಿಗೆ ಸಾಗಿಸಿದೆ. ಪಾಲಿಹೌಸ್ ಅಂದರೆ ದೊಡ್ಡದೇನಲ್ಲ, ಬಿದಿರು ಗಳದ ಮೇಲೆ ಪ್ಲಾಸ್ಟಿಕ್ ಶೀಟು. ಮೂರನೇ ದಿನಕ್ಕೆ ಟೊಮೆಟೊ ಎಲೆಯಲ್ಲಿ ಬಿಳಿ ಮಚ್ಚೆ, ಮೆಣಸಿನ ಸಸಿ ತಲೆ ಬಗ್ಗಿಸಿದೆ. ಚಳಿಗೇ ಇರಬೇಕು ಅಂತ ಹಗಲೂ ಶೀಟು ಮುಚ್ಚಿಟ್ಟಿದ್ದೇನೆ. ಔಷಧಿ ಹೊಡೀಬೇಕಾ?

ಹಾಸನದಿಂದ:
ಔಷಧಿ ಬೇಡ ಸರ್, ಸ್ವಲ್ಪ ತಡೀರಿ. ಮಚ್ಚೆ ಬೆರಳಲ್ಲಿ ಒರೆಸಿದರೆ ಹೋಗುತ್ತಾ? ಎಲೆ ಅಡಿಯಲ್ಲಿ ನೇರಳೆ ಬಣ್ಣ ಇದೆಯಾ? ಒಳಗೆ ನೆರಳಲ್ಲಿ ಒಂದು ಥರ್ಮಾಮೀಟರ್ ನೇತುಹಾಕಿ, ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 1ಕ್ಕೆ ನೋಡಿ ಹೇಳಿ.

ಮೂಡಿಗೆರೆಯಿಂದ:
ಒರೆಸಿದರೆ ಹೋಗಲ್ಲ, ಹಪ್ಪಳದ ಥರ ಪುಡಿಯಾಗುತ್ತೆ. ಅಡಿಯಲ್ಲಿ ನೇರಳೆ ಇದೆ. ಬೆಳಿಗ್ಗೆ 11 ಡಿಗ್ರಿ, ಹೊರಗೂ ಅಷ್ಟೇ. ಮಧ್ಯಾಹ್ನ 42!

ಹಾಸನದಿಂದ:
ಹಾಗಾದ್ರೆ ರೋಗ ಅಲ್ಲ. ಬೂದಿ ರೋಗವಾಗಿದ್ದರೆ ಪುಡಿ ಕೈಗೆ ಅಂಟುತ್ತಿತ್ತು. ಮನೆಯೊಳಗೆ ಬೆಳೆದ ಎಲೆ ತೆಳ್ಳಗಿರುತ್ತೆ, ಒಮ್ಮೆಲೇ ಬಿಸಿಲಿಗೆ ಬಿದ್ದು ಸುಟ್ಟಿದೆ. ನೇರಳೆ ಬಣ್ಣ ಚಳಿಯದು, ಬೇರು ತಣ್ಣಗಾದರೆ ರಂಜಕ (ಫಾಸ್ಫರಸ್) ಸರಿಯಾಗಿ ಎಳೆದುಕೊಳ್ಳಲ್ಲ, ಅದಕ್ಕೆ ಅಂತ ಗೊಬ್ಬರ ಸುರೀಬೇಡಿ. ಒಂದೇ ಪದರ ಶೀಟು ಹಗಲಿನ ಬಿಸಿಯನ್ನ ರಾತ್ರಿವರೆಗೆ ಹಿಡಿದಿಡಲ್ಲ ಸರ್, ಅದನ್ನ ನಂಬಿ ಹಗಲು ಮುಚ್ಚಿದ್ದಕ್ಕೇ ಮೆಣಸು ಬೆಂದಿದೆ.

ಎರಡೂ ಟ್ರೇ ಮನೆಯೊಳಗೆ ತನ್ನಿ. ನಾಳೆಯಿಂದ ಬೆಳಗಿನ ಎಳೆ ಬಿಸಿಲಿಗೆ ಒಂದು ಗಂಟೆ, ದಿನಾ ಒಂದೊಂದು ಗಂಟೆ ಜಾಸ್ತಿ ಮಾಡಿ, ಸಂಜೆ ವಾಪಸ್. 8-10 ದಿನ ಬೇಕು, ಬೇಜಾರಿನ ಕೆಲಸವೇ. ಮೊದಲ ನಾಲ್ಕು ದಿನ 50% ಶೇಡ್ ನೆಟ್ (ಅರ್ಧ ಬಿಸಿಲು ತಡೆಯೋ ಬಲೆ) ಕೆಳಗಿಡಿ. ಒಂಬತ್ತು ಗಂಟೆಗೆಲ್ಲ ಪಕ್ಕದ ಶೀಟು ಎತ್ತಿ ಕಟ್ಟಿ. ನೀರು ಬೆಳಿಗ್ಗೆ ಮಾತ್ರ, ಅದೂ ಟ್ಯಾಂಕಿನ ತಣ್ಣೀರು ಬೇಡ. ಅದಾದ ಮೇಲೆ ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗದಿದ್ದರೆ ಟೊಮೆಟೊ ಪಾಲಿಹೌಸಲ್ಲೇ ಬಿಡಬಹುದು. ಮೆಣಸು ಜಾಸ್ತಿ ನಾಜೂಕು, 13-14 ಆಗೋವರೆಗೆ ಮನೆಯಲ್ಲೇ ಮಲಗಲಿ.

ಸಕಲೇಶಪುರದಿಂದ:
ರಾತ್ರಿ ಬೆಚ್ಚಗಿರೋಕೆ ಪಾಲಿಹೌಸಲ್ಲಿ ಸುಮ್ನೆ ಒಂದು ಬಲ್ಬ್ ಹಾಕಿದರೆ ಆಗಲ್ವಾ?

ಹಾಸನದಿಂದ:
ಬೆಳಗಿನ ಜಾವ ಶೀಟಿನಿಂದ ಟಪಟಪ ನೀರು ತೊಟ್ಟಿಕ್ಕುತ್ತೆ, ಅಲ್ಲಿ ವೈರ್ ಎಳೆಯೋದು ನನಗೆ ಇಷ್ಟ ಇಲ್ಲ. ಕಪ್ಪು ಡ್ರಮ್ಮಿಗೆ ನೀರು ತುಂಬಿ ಟ್ರೇ ಪಕ್ಕ ಇಡಿ, ಹಗಲು ಕಾದು ರಾತ್ರಿ ನಿಧಾನಕ್ಕೆ ಬಿಸಿ ಬಿಡುತ್ತೆ. ರಾತ್ರಿ ಸಸಿಗಳ ಮೇಲೆ ಹಳೇ ಸೀರೆ ಹೊದಿಸಿ, ಬೆಳಿಗ್ಗೆ ತೆಗೆಯಿರಿ. ಶೀಟಿನ ಹನಿ ಸಸಿ ಬುಡಕ್ಕೇ ಬೀಳ್ತಿದ್ದರೆ ಟ್ರೇ ಸರಿಸಿ, ಇಲ್ಲಾಂದ್ರೆ ಬುಡ ಕೊಳೆಯುತ್ತೆ.

ಮೂಡಿಗೆರೆಯಿಂದ (11 ದಿನ ಬಿಟ್ಟು):
ಮೆಣಸು 14 ಸಸಿ ಹೋಯ್ತು. ಟೊಮೆಟೊ ಸುಟ್ಟ ಎಲೆ ಹಾಗೇ ಇದೆ, ಆದರೆ ಸುಳಿಯಲ್ಲಿ ಬಂದ ಎರಡು ಎಲೆ ದಪ್ಪಗೆ, ಕಡು ಹಸಿರು. ಸೀರೆ ಕೇಳಿದ್ದಕ್ಕೆ ಮನೆಯವಳು ಪಂಚೆ ಕೊಟ್ಟಳು, ಅದೂ ನಡೀತಿದೆ.