ಟಕ್ ಮಾಡಿದಾಗ (ಟ್ಯಾಂಕ್ ಮೇಲೆ ಪೂರ್ತಿ ಬಗ್ಗಿದಾಗ) ಹೆಲ್ಮೆಟ್ ಕಣ್ಣಿನ ಮೇಲೆ ಇಳೀತಿದೆ, ಮಂಡಿ ಪ್ಯಾಡ್ ಜಾರ್ತಿದೆ: ಮುಂದಿನ ಟ್ರ್ಯಾಕ್ ಡೇಗೆ ಮುಂಚೆ ಏನು ಬದಲಿಸಬೇಕು?

ಆರ್‌ಸಿ_ಹಾಸನ:

ಬೈಕ್ ಕೆಟಿಎಂ ಆರ್‌ಸಿ 390. ಎತ್ತರ 172 ಸೆಂ.ಮೀ., ಎದೆ 98, ಸೊಂಟ 84, ತಲೆ ಸುತ್ತಳತೆ 58. ಟ್ರ್ಯಾಕ್ ಡೇ ಅಂದ್ರೆ ನಮ್ಮದೇ ಬೈಕನ್ನ ರೇಸ್ ಟ್ರ್ಯಾಕಲ್ಲಿ ಓಡಿಸೋ ದಿನ; ಶ್ರೀಪೆರಂಬುದೂರ್ ಹತ್ತಿರದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ 20 ನಿಮಿಷದ ಸೆಷನ್‌ಗಳು. ಟೂ-ಪೀಸ್ ಲೆದರ್ ಸೂಟ್, ಜಾಕೆಟ್ 52, ಪ್ಯಾಂಟ್ 50. ಒಳಗೆ ಬೆನ್ನಿನ ಪ್ಯಾಡ್ ಹಿಡಿಸಲಿ ಅಂತ ಜಾಕೆಟ್ ಒಂದು ಸೈಜ್ ದೊಡ್ಡದು ತಗೊಂಡಿದ್ದು. ಹೆಲ್ಮೆಟ್ ಇಸಿಇ 22.06 (ಹೆಲ್ಮೆಟ್ ಸುರಕ್ಷತೆಯ ಮಾನದಂಡ), ಎಂ ಸೈಜ್, ಪಟ್ಟಿ ಬಿಗಿಯೋಕೆ ಡಬಲ್ ಡಿ-ರಿಂಗ್.

ತೊಂದರೆಗಳು:

1. ಸ್ಟ್ರೈಟ್‌ನಲ್ಲಿ (ಟ್ರ್ಯಾಕಿನ ನೇರ ಭಾಗ) ಪೂರ್ತಿ ಬಗ್ಗಿದಾಗ ಸೂಟಿನ ಹಂಪ್ (ಬೆನ್ನಿನ ಮೇಲ್ಭಾಗದ ಉಬ್ಬು) ಹೆಲ್ಮೆಟ್ ಹಿಂಭಾಗಕ್ಕೆ ತಾಗುತ್ತೆ. ಹೆಲ್ಮೆಟ್ ಮುಂದಕ್ಕೆ ಉರುಳಿ ಹುಬ್ಬಿನ ಮೇಲೆ ಕೂರುತ್ತೆ. ಮೀಟರ್ ಕಾಣುತ್ತೆ, ಬ್ರೇಕಿಂಗ್ ಮಾರ್ಕರ್ (ಬ್ರೇಕ್ ಹಿಡಿಯೋ ಜಾಗದ ಗುರುತು) ಕಾಣಲ್ಲ.
2. ತಿರುವಿನಲ್ಲಿ ಸೀಟಿಂದ ಪಕ್ಕಕ್ಕೆ ಇಳಿದಾಗ ಮಂಡಿ ಪ್ಯಾಡ್ ಒಳತೊಡೆ ಕಡೆ ತಿರುಗುತ್ತೆ.
3. ಬಲಗೈ ಉಂಗುರ ಬೆರಳು, ಕಿರುಬೆರಳು 10 ನಿಮಿಷಕ್ಕೇ ಜೋಮು ಹಿಡಿಯುತ್ತೆ.
4. ಪಿಟ್ ಲೇನ್‌ನಲ್ಲಿ (ಟ್ರ್ಯಾಕಿಗೆ ಇಳಿಯೋ ದಾರಿ) ಕಾಯುವಾಗ ವೈಸರ್ (ಹೆಲ್ಮೆಟ್ ಮುಂದಿನ ಪಾರದರ್ಶಕ ಪರದೆ) ಪೂರ್ತಿ ಮಂಜಾಗುತ್ತೆ. ಪಿನ್‌ಲಾಕ್ (ಮಂಜು ತಡೆಯೋಕೆ ವೈಸರ್ ಒಳಗೆ ಪಿನ್‌ಗಳ ನಡುವೆ ಕೂರಿಸೋ ಹಾಳೆ) ಹಾಕಿದ್ದೇನೆ.
5. ಹೊಸ ರೇಸ್ ಬೂಟಿನ ತುದಿ ಗೇರ್ ಲಿವರ್ ಕೆಳಗೆ ಹೋಗ್ತಿಲ್ಲ.

ಹೆಲ್ಮೆಟ್ ಬದಲಿಸಲಾ, ಸೂಟ್ ಬದಲಿಸಲಾ? ಎರಡಕ್ಕೂ ಒಟ್ಟಿಗೆ ದುಡ್ಡು ಹಾಕಕ್ಕಾಗಲ್ಲ.

ಲೆದರ್_ಲೇನ್:

ಸದ್ಯಕ್ಕೆ ಏನೂ ಕೊಳ್ಳಬೇಡಿ. ಮೊದಲು ತಪ್ಪು ಯಾವುದರದ್ದು ಅಂತ ಬೇರ್ಪಡಿಸಿ. ಬೈಕನ್ನ ಪ್ಯಾಡಾಕ್ ಸ್ಟ್ಯಾಂಡ್ (ಹಿಂದಿನ ಚಕ್ರ ಎತ್ತಿ ಹಿಡಿಯೋ ಸ್ಟ್ಯಾಂಡ್) ಮೇಲೆ ನಿಲ್ಲಿಸಿ, ಒಬ್ಬರು ಪಕ್ಕದಲ್ಲಿ ಹಿಡ್ಕೊಂಡಿರಲಿ. 10 ಮೀಟರ್ ದೂರದ ಗೋಡೆಯ ಮೇಲೆ ನಿಮ್ಮ ಕಣ್ಣಿನ ಎತ್ತರಕ್ಕೆ ಒಂದು ಟೇಪ್ ಅಂಟಿಸಿ.

ಮೊದಲು ಬರೀ ಟಿ-ಶರ್ಟ್, ಹೆಲ್ಮೆಟ್ ಹಾಕಿ, ಎದೆ ಟ್ಯಾಂಕಿಗೆ ತಾಗುವಂತೆ ಬಗ್ಗಿ. ಟೇಪ್ ಕಾಣದಿದ್ದರೆ ದೋಷ ಹೆಲ್ಮೆಟ್‌ನದು: ಕಣ್ಣಿನ ಮುಂದಿನ ಕಿಂಡಿಯ ಮೇಲಂಚು ತಗ್ಗಾಗಿದೆ, ಇಲ್ಲವೇ ಒಳಗೆ ಸಡಿಲವಾಗಿ ಉರುಳುತ್ತಿದೆ. ಟೇಪ್ ಕಂಡರೆ ಹೆಲ್ಮೆಟ್ ಪಾಸ್. ಆಮೇಲೆ ಪೂರ್ತಿ ಸೂಟ್ ಹಾಕಿ ಅದೇ ಭಂಗಿಗೆ ಬನ್ನಿ. ಟೇಪ್ ಮರೆಯಾದರೆ ಪಕ್ಕದವರು ಹಂಪನ್ನ ಹಿಡಿದು 3 ಸೆಂ.ಮೀ. ಕೆಳಕ್ಕೆ ಎಳೆಯಲಿ. ಆಗ ಮತ್ತೆ ಕಂಡರೆ ಜಾಕೆಟಿನ ಬೆನ್ನಿನ ಉದ್ದ ನಿಮಗೆ ಜಾಸ್ತಿ ಆಗಿದೆ, ಅಥವಾ ಜಾಕೆಟ್ ಮೇಲಕ್ಕೆ ಸರೀತಿದೆ.

ಹೆಲ್ಮೆಟ್ ಸೈಜಿಗೆ ಇನ್ನೊಂದು ಪರೀಕ್ಷೆ ಇದೆ. ಪಟ್ಟಿ ಬಿಗಿದು, ಹಿಂದಿನ ಕೆಳ ಅಂಚಿಗೆ ಬೆರಳು ಹಾಕಿ ಮುಂದಕ್ಕೆ ಉರುಳಿಸಿ. ತಲೆಯಿಂದ ಕಳಚಿ ಬರೋ ಹಾಗಿದ್ದರೆ ಅದು ಟ್ರ್ಯಾಕಿಗೆ ಬೇಡವೇ ಬೇಡ. ಹಣೆಯ ಚರ್ಮವೂ ಹೆಲ್ಮೆಟ್ ಜೊತೆ ಸರಿದರೆ ಹಿಡಿತ ಸರಿ ಇದೆ. ಕೆನ್ನೆ ಹತ್ತಿರ ಮಾತ್ರ ಸಡಿಲ ಇದ್ದರೆ ಅದೇ ಕಂಪನಿಯ ದಪ್ಪ ಚೀಕ್ ಪ್ಯಾಡ್ ತರಿಸಿ.

ಜಾಕೆಟ್-ಪ್ಯಾಂಟ್ ಯಾವ ಜಿಪ್ಪಿನಿಂದ ಸೇರಿಸ್ತೀರಿ? ಸುಮಾರು ಟೂ-ಪೀಸ್‌ಗಳಲ್ಲಿ ಎರಡು ಇರುತ್ತೆ: ಬೆನ್ನಿನ ಹಿಂದೆ 20 ಸೆಂ.ಮೀ.ನ ಚಿಕ್ಕದು, ಸೊಂಟದ ಸುತ್ತ ಪೂರ್ತಿ ಬರುವ ಉದ್ದದ್ದು.

ಆರ್‌ಸಿ_ಹಾಸನ:

ಈಗಷ್ಟೇ ನೋಡಿದೆ. ಟಿ-ಶರ್ಟ್‌ನಲ್ಲಿ ಟೇಪ್ ಪೂರ್ತಿ ಕಾಣುತ್ತೆ, ಸೂಟ್ ಹಾಕಿದರೆ ಕಾಣಲ್ಲ, ಹಂಪ್ ಎಳೆದರೆ ಮತ್ತೆ ಕಾಣುತ್ತೆ. ಹೆಲ್ಮೆಟ್ ಉರುಳ್ತಿಲ್ಲ. ಸೇರಿಸ್ತಿದ್ದಿದ್ದು ಚಿಕ್ಕ ಜಿಪ್. ಪೂರ್ತಿ ಜಿಪ್ ಹಾಕಿ ನೋಡಿದರೆ ಹಂಪ್ ಒಂದೂವರೆ ಸೆಂ.ಮೀ. ಇಳೀತು, ಈಗ ಟೇಪ್ ಅರ್ಧ ಕಾಣ್ತಿದೆ.

ಲೆದರ್_ಲೇನ್:

ಹಾಗಾದ್ರೆ ಹೆಲ್ಮೆಟ್ ದುಡ್ಡು ಉಳೀತು.

ಚಿಕ್ಕ ಜಿಪ್ ರಸ್ತೆಯಲ್ಲಿ ಗಾಳಿಗೆ ಜಾಕೆಟ್ ಮೇಲೇಳದ ಹಾಗೆ ಹಿಡಿಯೋಕೆ ಮಾತ್ರ. ಬಿದ್ದು ಜಾರುವಾಗ ಅದು ಕಿತ್ತು ಬಂದರೆ ಜಾಕೆಟ್ ಮೇಲೆ ಸರಿದು ಬೆನ್ನು, ಹೊಟ್ಟೆ ಟಾರಿಗೆ ತೆರೆದುಕೊಳ್ಳುತ್ತೆ. ಟೂ-ಪೀಸ್‌ಗೆ ಒಪ್ಪುವ ಆಯೋಜಕರು ಸಾಮಾನ್ಯವಾಗಿ ಸೊಂಟದ ಸುತ್ತ ಪೂರ್ತಿ ಜಿಪ್ ಇರಲೇಬೇಕು ಅನ್ನೋದು ಇದಕ್ಕೇ. ಸೆಷನ್‌ಗೆ ಹೋಗುವ ಮುಂಚೆ ಪ್ರತಿ ಸಲ ಹಾಕಿ, ಜಿಪ್ ತಲೆಯನ್ನ ಮಡಿಕೆಯ ಒಳಗೆ ಸೇರಿಸಿ.

ಉಳಿದ ಒಂದೂವರೆ ಸೆಂ.ಮೀ. ಸೈಜಿನ ತಪ್ಪು. ಯುರೋಪಿಯನ್ ಜಾಕೆಟ್ ನಂಬರ್ ಹೆಚ್ಚುಕಡಿಮೆ ಎದೆ ಸುತ್ತಳತೆಯ ಅರ್ಧ. 98 ಎದೆಗೆ 48 ಅಥವಾ 50 ಬರಬೇಕು, 52 ಅಲ್ಲ. ಬೆನ್ನಿನ ಪ್ಯಾಡಿಗಾಗಿ ಸೈಜ್ ಏರಿಸೋ ಅಗತ್ಯವಿಲ್ಲ. ಟ್ರ್ಯಾಕ್ ಸೂಟ್‌ಗಳ ಕಟಿಂಗ್‌ನಲ್ಲೇ ಅದಕ್ಕೆ ಜಾಗ ಇಟ್ಟಿರುತ್ತಾರೆ. ಸರಿಯಾದ ಸೂಟು ನೆಟ್ಟಗೆ ನಿಂತಾಗ ನಿಮ್ಮನ್ನ ಮುಂದಕ್ಕೆ ಬಾಗಿಸಬೇಕು, ಬೈಕ್ ಮೇಲೆ ಕೂತ ಕ್ಷಣ ಎಲ್ಲೂ ಎಳೀಬಾರದು. ಅಂಗಡಿಯ ಕನ್ನಡಿ ಮುಂದೆ ಆರಾಮಾಗಿ ನಿಲ್ಲೋಕೆ ಆದ್ರೆ ಸಾಮಾನ್ಯವಾಗಿ ಅದು ದೊಡ್ಡದು. ಲೆದರ್ ದಿನ ಕಳೆದಂತೆ ಅಗಲಕ್ಕೆ ಸ್ವಲ್ಪ ಬಿಟ್ಟುಕೊಡುತ್ತೆ, ಉದ್ದಕ್ಕೆ ಹೆಚ್ಚೇನೂ ಕೊಡಲ್ಲ.

ಪಿಟ್‌ಲೇನ್_ಶಿರಾ:

ನನ್ನ ಸಲಹೆ, ಇದನ್ನ ವಾಪಸ್ ಕೊಟ್ಟು ಒನ್-ಪೀಸ್ ತಗೊಳ್ಳಿ. ಸೊಂಟದಲ್ಲಿ ಜಿಪ್ಪೇ ಇಲ್ಲ ಅಂದ್ರೆ ಕಿತ್ತು ಹೋಗೋ ಮಾತೂ ಇಲ್ಲ, ಪ್ಯಾಡ್‌ಗಳೂ ಜಾಗ ಬಿಡಲ್ಲ.

ಎಲ್ಲಿ ತಗೊಂಡ್ರೂ ಲೇಬಲ್ ಓದಿ. ಯುರೋಪಿನ ರೈಡಿಂಗ್ ಬಟ್ಟೆಗಳ ಮಾನದಂಡ ಇಎನ್ 17092 ಪ್ರಕಾರ ಎಎಎ ಅಂದ್ರೆ, ಹೆಚ್ಚು ಅಪಾಯದ ಭಾಗಗಳ ವಸ್ತುವನ್ನ 120 ಕಿ.ಮೀ. ವೇಗಕ್ಕೆ ಸಮನಾಗಿ ತಿರುಗಿಸಿ ಕಾಂಕ್ರೀಟ್ ಮೇಲೆ ಬಿಟ್ಟಾಗ ಅದು ತೂತಾಗದೆ ಉಳಿದಿದೆ ಅಂತ. ಎಎ ಆದ್ರೆ ಅದೇ ಪರೀಕ್ಷೆ 70ಕ್ಕೆ. ಮೇನ್ ಸ್ಟ್ರೈಟ್ ಮುಗಿಸಿ ಸಿ1ಗೆ (ಮೊದಲ ತಿರುವು) ಹೋಗುವ ವೇಗಕ್ಕೆ ಎಎ ಸಾಲಲ್ಲ. ಹಸುವಿನ ಚರ್ಮ ಆದ್ರೆ 1.2ರಿಂದ 1.4 ಮಿ.ಮೀ. ದಪ್ಪ, ಕುಂಡಿ, ತೋಳು, ಭುಜದ ಹತ್ತಿರ ಎರಡು ಪದರ, ಹೊಲಿಗೆ ಎರಡು ಮೂರು ಸಾಲು, ಅದರಲ್ಲಿ ಒಂದಾದರೂ ಒಳಗೆ ಮುಚ್ಚಿಕೊಂಡಿರಬೇಕು. ಹಿಗ್ಗುವ ಬಟ್ಟೆಯ ಪ್ಯಾನೆಲ್ ಕಂಕುಳು, ತೊಡೆಸಂದು, ಮೀನಖಂಡದಲ್ಲಿ ಇರಲಿ. ಮೊಣಕೈ ಹೊರಗಡೆ ಅಥವಾ ಸೊಂಟದ ಪಕ್ಕದಲ್ಲಿ ಇದ್ದರೆ ಬಿಡಿ.

ಲೆದರ್_ಲೇನ್:

ಒನ್-ಪೀಸ್ ಮೇಲು ಅನ್ನೋದನ್ನ ಒಪ್ತೀನಿ, ಆದರೆ ಇವರಿಗೆ ಈಗ ಜಾಕೆಟ್ ಮಾತ್ರ 50ಕ್ಕೆ ಬದಲಾದ್ರೆ ಸಾಕು. ಬಳಸಿದ ಮಾಲು ಅಂತ ವಾಪಸ್ ತಗೊಳ್ಳದಿದ್ದರೆ ಲೆದರ್ ಕೆಲಸ ಗೊತ್ತಿರೋ ಟೈಲರ್ ಸೊಂಟದ ಜಿಪ್ ಬಿಚ್ಚಿ, ಬೆನ್ನಿನ ಉದ್ದ ಕಡಿಮೆ ಮಾಡಿ, ಮತ್ತೆ ಕೂರಿಸಬಹುದು. ದಾರ ಬಾಂಡೆಡ್ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರಲಿ. ಹತ್ತಿ ದಾರ ಬೆವರಿಗೆ ಕೊಳೆತು, ಉಜ್ಜಿದ ತಕ್ಷಣ ಬಿಟ್ಟುಕೊಳ್ಳುತ್ತೆ. ಹಳೇ ತೂತಿನ ಸಾಲಿಗೆ ಅಂಟಿಕೊಂಡೇ ಹೊಸ ಸಾಲು ಹೊಲಿಯಬಾರದು, ಚರ್ಮ ಅಲ್ಲಿ ಹರಿಯುತ್ತೆ.

ಎರಡನೇದು, ಮಂಡಿ. ಕೂತು ಮಂಡಿ ಮಡಿಸಿದಾಗ ಪ್ಯಾಡಿನ ಗುಳಿ ಮಂಡಿಚಿಪ್ಪಿನ ನಡುವೆ ಬರಬೇಕು. ಹೊರಗಿಂದ ಹಿಡಿದು ಅಲ್ಲಾಡಿಸಿದರೆ 2 ಸೆಂ.ಮೀ.ಗಿಂತ ಜಾಸ್ತಿ ಸರಿದರೆ ಪ್ಯಾಂಟ್ ಸಡಿಲ. ಒಳಗಿನ ಜೇಬಿನಲ್ಲಿ ವೆಲ್ಕ್ರೋ ಇದ್ದರೆ ಪ್ಯಾಡ್ ಮೇಲೆ ಕೆಳಗೆ ಸರಿಸಿ ಕೂರಿಸಿ. ಮೀನಖಂಡದ ಹತ್ತಿರ ಪ್ಯಾಂಟ್ ಬಿಗಿ ಇದ್ರೆ ಪ್ಯಾಡ್ ತಿರುಗಲ್ಲ, ಯಾಕಂದ್ರೆ ಅದನ್ನ ಹಿಡಿಯೋದು ಮಂಡಿಗಿಂತ ಕೆಳಗಿನ ಭಾಗ. ಅಲ್ಲಿ ಎಷ್ಟು ಸಡಿಲ ಇದೆ ನೋಡಿ ಹೇಳಿ. ಒಳಗೆ ಏನು ಹಾಕ್ತೀರಿ?

ಆರ್‌ಸಿ_ಹಾಸನ:

ಮೀನಖಂಡದಲ್ಲಿ ಮೂರು ಬೆರಳು ಹಿಡಿಸುತ್ತೆ. ಒಳಗೆ ಕಾಟನ್ ಟ್ರ್ಯಾಕ್ ಪ್ಯಾಂಟ್.

ಲೆದರ್_ಲೇನ್:

ಒಂದು ಬೆರಳಷ್ಟೇ ಹಿಡಿಸಬೇಕು. ಟೈಲರ್ ಹತ್ತಿರ ಹೋದಾಗ ಒಳಗಡೆ ಹೊಲಿಗೆಯಲ್ಲಿ ಹಿಡಿಸಿಕೊಳ್ಳಿ, ಹೊರಗಡೆ ಹೊಲಿಗೆ ಮುಟ್ಟಿಸಬೇಡಿ. ಬಿದ್ದರೆ ಟಾರಿಗೆ ಉಜ್ಜೋದು ಹೊರಗಡೆಯದು.

ಟ್ರ್ಯಾಕ್ ಪ್ಯಾಂಟ್ ಬಿಟ್ಟುಬಿಡಿ. ಹತ್ತಿ ಬೆವರು ಕುಡಿದು ಚರ್ಮಕ್ಕೆ ಅಂಟಿಕೊಳ್ಳುತ್ತೆ. ಕಾಲು ತಿರುಗಿಸಿದಾಗ ಸೂಟು ಅದನ್ನ ಎಳೆಯುತ್ತೆ, ಅದು ಪ್ಯಾಡನ್ನ ಜೊತೆಗೇ ಒಯ್ಯುತ್ತೆ. ಮೈಗಂಟುವ ಪಾಲಿಯೆಸ್ಟರ್-ಲೈಕ್ರಾ ಬೇಸ್ ಲೇಯರ್, ಆದಷ್ಟು ಒನ್-ಪೀಸ್, ಹಾಕಿದರೆ ಸೂಟು ಅದರ ಮೇಲೆ ನುಣ್ಣಗೆ ಜಾರುತ್ತೆ. ಶ್ರೀಪೆರಂಬುದೂರ್ ಕಡೆಯ ಸೆಕೆಯಲ್ಲಿ ಸೂಟ್ ಬಿಚ್ಚಿ ಹಾಕೋದೇ ಒಂದು ಕೆಲಸ, ಅಲ್ಲೂ ಇದು ನೆರವಾಗುತ್ತೆ.

ತುಮಕೂರು_ಟ್ವಿನ್:

ಪ್ಯಾಡ್ ಮಾತು ಬಂದಿದ್ದಕ್ಕೆ: ಬೆನ್ನಿನ ಜೇಬು ಬಿಚ್ಚಿ ಒಳಗಿರೋದನ್ನ ಹೊರಗೆ ತೆಗೆದು ನೋಡಿ. ಎಷ್ಟೋ ಸೂಟ್‌ಗಳ ಜೊತೆ ಬರೋದು ಆಕಾರ ನಿಲ್ಲೋಕೆ ಇಟ್ಟ ಬರೀ ಫೋಮ್ ಹಾಳೆ. ಬೆರಳಲ್ಲಿ ಒತ್ತಿದರೆ ಎರಡು ಬೆರಳೂ ತಾಗುತ್ತೆ. ನಿಜವಾದ ಪ್ರೊಟೆಕ್ಟರ್ ಮೇಲೆ ಬೈಕ್ ಸವಾರನ ಚಿತ್ರ, ಇಎನ್ 1621-2 (ಬೆನ್ನಿನ ಪ್ರೊಟೆಕ್ಟರ್‌ಗಳ ಮಾನದಂಡ), ಎಫ್‌ಬಿ ಅಥವಾ ಸಿಬಿ, ಆಮೇಲೆ 1 ಅಥವಾ 2 ಅಂತ ಅಚ್ಚಾಗಿರುತ್ತೆ. ಎಫ್‌ಬಿ ಅಂದ್ರೆ ಭುಜದೆಲುಬು ಸೇರಿ ಪೂರ್ತಿ ಬೆನ್ನು, ಸಿಬಿ ಅಂದ್ರೆ ನಡು ಬೆನ್ನು ಮಾತ್ರ. ಪರೀಕ್ಷೆಯಲ್ಲಿ ಏಟಿನ ಬಲ ಸರಾಸರಿ 18 ಕಿಲೋನ್ಯೂಟನ್‌ವರೆಗೆ ಆಚೆ ದಾಟಬಹುದು ಲೆವೆಲ್ 1ಕ್ಕೆ. ಲೆವೆಲ್ 2ಕ್ಕೆ ಮಿತಿ 9. ಬಲ ಅರ್ಧಕ್ಕರ್ಧ ಕಡಿಮೆ! ಬೆನ್ನುಮೂಳೆ ವಿಷಯದಲ್ಲಿ ಲೆವೆಲ್ 2ಕ್ಕಿಂತ ಕೆಳಗೆ ಇಳೀಬೇಡಿ.

ನಮ್ಮ ಕಡೆ ಇನ್ನೊಂದು ಗುರುತು ನೋಡಲೇಬೇಕು, ಟಿ+. ಮೆತ್ತಗಿದ್ದು ಏಟಿಗೆ ಗಟ್ಟಿಯಾಗುವ ಪ್ಯಾಡ್‌ಗಳು ಬಿಸಿಗೆ ಇನ್ನೂ ಮೆತ್ತಗಾಗಿ ಕಡಿಮೆ ಬಲ ಹೀರುತ್ತವೆ. ಟಿ+ ಇದ್ದರೆ 40 ಡಿಗ್ರಿಯಲ್ಲೂ ಪರೀಕ್ಷೆ ಪಾಸಾಗಿದೆ ಅಂತ ಅರ್ಥ. ಬಿಸಿಲಲ್ಲಿ ನಿಂತ ಲೆದರ್ ಸೂಟಿನ ಒಳಗೆ ಅಷ್ಟು ಬಿಸಿ ಸುಲಭವಾಗಿ ಆಗುತ್ತೆ.

ಏರ್‌ಬ್ಯಾಗ್ ವೆಸ್ಟ್ ಮುಂದೆ ಯಾವಾಗಾದ್ರೂ ಬೇಕು ಅನ್ನೋದಾದ್ರೆ ಟೈಲರ್‌ಗೆ ಕೊಡೋಕೆ ಮುಂಚೆ ತೀರ್ಮಾನಿಸಿ. ಸೂಟಿನ ಒಳಗೆ ಹಾಕೋ ಏರ್‌ಬ್ಯಾಗ್ ಉಬ್ಬುವಾಗ ಲೆದರ್ ಹಿಗ್ಗಬೇಕು. ಹಿಗ್ಗದಿದ್ದರೆ ಗಾಳಿ ಒಳಗಡೆ ಪಕ್ಕೆಲುಬನ್ನೇ ಒತ್ತುತ್ತೆ. ಸೂಟ್ ಏರ್‌ಬ್ಯಾಗಿಗೆ ಹೊಂದುತ್ತೆ ಅಂತ ತಯಾರಕರೇ ಬರೆದಿರಬೇಕು, ಅಳತೆಯನ್ನೂ ವೆಸ್ಟ್ ಹಾಕ್ಕೊಂಡೇ ನೋಡಬೇಕು.

ಪಿಟ್‌ಲೇನ್_ಶಿರಾ:

ಬೆರಳು ಜೋಮಿಗೆ ಬರ್ತೀನಿ. ಕಿರುಬೆರಳು, ಉಂಗುರ ಬೆರಳು ಅಂತ ನೀವು ಬಿಡಿಸಿ ಹೇಳಿದ್ದು ತುಂಬಾ ಉಪಯೋಗಕ್ಕೆ ಬಂತು. ಆ ಎರಡು ಬೆರಳಿಗೆ ಹೋಗೋದು ಅಲ್ನಾರ್ ನರ. ಅದು ಒತ್ತಿಹೋಗೋದು ಎರಡೇ ಕಡೆ ಜಾಸ್ತಿ, ಮೊಣಕೈ ಒಳಗೆ ಇಲ್ಲವೇ ಅಂಗೈ ಬುಡದ ಹೊರ ಅಂಚಲ್ಲಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮಾಗಿದ್ದರೆ ಮಣಿಕಟ್ಟು ಬಾಗಿರೋದನ್ನ, ಲಿವರ್ ಕೋನವನ್ನ ನೋಡಬೇಕಿತ್ತು.

ಗ್ಲೌಸ್ ಹಾಕಿ ಸ್ಟ್ಯಾಂಡ್ ಮೇಲಿನ ಬೈಕಲ್ಲಿ 5 ನಿಮಿಷ ಕೈಮೇಲೆ ಭಾರ ಬಿಟ್ಟು ಕೂತು, ತಕ್ಷಣ ಗ್ಲೌಸ್ ಬಿಚ್ಚಿ ಅಂಗೈ ನೋಡಿ. ಕಿರುಬೆರಳ ನೇರಕ್ಕೆ, ಮಣಿಕಟ್ಟಿನ ಹತ್ತಿರ ಅರ್ಧಚಂದ್ರದ ಕೆಂಪು ಗೆರೆ ಬಿದ್ದಿದ್ದರೆ ಅದು ಪಾಮ್ ಸ್ಲೈಡರಿನ (ಗ್ಲೌಸಿನ ಅಂಗೈ ಬುಡದಲ್ಲಿರೋ ಗಟ್ಟಿ ತುಂಡು) ಅಂಚು. ಹಾಗಂತ ಸ್ಲೈಡರ್ ಕೀಳಬೇಡಿ. ಬಿದ್ದಾಗ ಅಂಗೈ ಟಾರಿಗೆ ಕಚ್ಚಿಕೊಳ್ಳದೆ ಜಾರೋಕೆ ಅದೇ ಬೇಕು, ಕಚ್ಚಿಕೊಂಡರೆ ಮಣಿಕಟ್ಟಿನ ಮೂಳೆ ಮುರಿಯುತ್ತೆ. ಗ್ಲೌಸ್ ಸೈಜ್ ಬದಲಿಸಿ ಅಥವಾ ಸ್ಲೈಡರ್ ಇನ್ನೂ ಕೆಳಗಿರೋ ಮಾಡೆಲ್ ನೋಡಿ.

ಗೆರೆ ಇಲ್ಲದಿದ್ದರೆ ತೋಳಿನ ಜಿಪ್ ಬಿಚ್ಚಿ ಇನ್ನೊಂದು 5 ನಿಮಿಷ ಕೂತು ನೋಡಿ, ಸ್ಟ್ಯಾಂಡ್ ಮೇಲೆ ಮಾತ್ರ. ಜೋಮು ಕಡಿಮೆಯಾದ್ರೆ ತೋಳು ಬಿಗಿ.

ಎರಡೂ ಅಲ್ಲ ಅಂದ್ರೆ ಮೂಲ ಕಾರಣ ಬ್ರೇಕ್ ಹಿಡಿದಾಗ ಮೈಭಾರ ಎಲ್ಲ ಕೈಗೆ ಬರೋದು. ಪೇಂಟ್ ಮಾಡಿದ ಟ್ಯಾಂಕ್ ಮೇಲೆ ಲೆದರ್ ಜಾರುತ್ತೆ, ತೊಡೆ ಹಿಡಿಯಲ್ಲ, ಆಗ ಕೈ ತಾನೇ ಗಟ್ಟಿಯಾಗುತ್ತೆ. ಟ್ಯಾಂಕ್ ಗ್ರಿಪ್ (ಟ್ಯಾಂಕ್ ಪಕ್ಕಕ್ಕೆ ಅಂಟಿಸೋ, ಜಾರದ ಹಾಳೆ) ಹಾಕಿಸಿ. ಜಾಗವನ್ನ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬಿಸಿ ಮಾಡಿ, ಅಂಟಿಸಿ, ಒಂದು ದಿನ ಬಿಡಿ. ಅಂಟಿಸೋ ಮುಂಚೆ ಸೂಟ್ ಹಾಕಿ ಎರಡೂ ಕಡೆ ಪಕ್ಕಕ್ಕೆ ಇಳಿದು, ತೊಡೆ ಎಲ್ಲಿ ತಾಗುತ್ತೆ ಅಂತ ಚಾಕ್‌ನಲ್ಲಿ ಗುರುತು ಮಾಡ್ಕೊಳ್ಳಿ. ಆಕ್ಸಿಲರೇಟರನ್ನ ಸ್ಕ್ರೂಡ್ರೈವರ್ ಹಿಡಿದ ಹಾಗೆ ಓರೆಯಾಗಿ ಹಿಡಿದರೆ ಅಂಗೈ ಬುಡಕ್ಕೆ ಭಾರ ಬೀಳಲ್ಲ.

ಆರ್‌ಸಿ_ಹಾಸನ:

ಕೆಂಪು ಗೆರೆ ಇದೆ. ನೀವು ಹೇಳಿದ ಜಾಗದಲ್ಲೇ.

ಪಿಟ್‌ಲೇನ್_ಶಿರಾ:

ಗ್ಲೌಸ್ ಬದಲಿಸಿ. ಹೊಸದನ್ನ ನೋಡುವಾಗ ಗ್ರಿಪ್ ಹಿಡಿದ ಭಂಗಿಯಲ್ಲಿ ಬೆರಳ ತುದಿ ಹೊಲಿಗೆಗೆ ಒತ್ತಬಾರದು. ಉದ್ದ ಕಫ್ ಸೂಟಿನ ತೋಳಿನ ಮೇಲೆ ಬರಬೇಕು. ಮಣಿಕಟ್ಟಿನ ಪಟ್ಟಿ ಬಿಗಿದ ಮೇಲೆ ಬೇರೆಯವರು ಜೋರಾಗಿ ಎಳೆದರೂ ಕಳಚಬಾರದು. ಕಿರುಬೆರಳು, ಉಂಗುರ ಬೆರಳು ಸೇರಿಸಿ ಹೊಲಿದ ಮಾಡೆಲ್ ಸಿಕ್ಕರೆ ಒಳ್ಳೇದು, ಬಿದ್ದಾಗ ಮೊದಲು ಮಡಚಿ ಮುರಿಯೋದು ಕಿರುಬೆರಳೇ.

ತುಮಕೂರು_ಟ್ವಿನ್:

ಮಂಜು: ಮಂಜು ಯಾವ ಮೈಮೇಲೆ ಕೂತಿದೆ ಅಂತ ನೋಡಿ. ವೈಸರ್‌ಗೂ ಪಿನ್‌ಲಾಕ್‌ಗೂ ನಡುವೆ ಆಗಿದ್ದರೆ ಸುತ್ತಲಿನ ಸಿಲಿಕೋನ್ ಅಂಚು ಎಲ್ಲೋ ತಾಗಿಲ್ಲ. ಪಿನ್‌ಗಳು ಕೇಂದ್ರದಿಂದ ಸ್ವಲ್ಪ ಸರಿದಂತೆ ಮಾಡಿರ್ತಾರೆ, ಎರಡನ್ನೂ ಸ್ವಲ್ಪ ಸ್ವಲ್ಪ ತಿರುಗಿಸಿ ಬಿಗಿ ಮಾಡಿ. ಮುಖದ ಕಡೆಯ ಮೈಮೇಲೆ ಆಗಿದ್ದರೆ ಅದು ತೇವ ಕುಡಿದು ತುಂಬಿದೆ: ಬಿಚ್ಚಿ, ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸದೆ ನೆರಳಲ್ಲಿ ಒಣಗಿಸಿ. ಗಾಜು ಒರೆಸೋ ದ್ರಾವಣ ಮುಟ್ಟಿಸಬೇಡಿ. ಪಿಟ್ ಲೇನ್‌ನಲ್ಲಿ ವೈಸರ್ ಒಂದು ಹಲ್ಲು ತೆಗೆದಿಡಿ, ಟ್ರ್ಯಾಕಿಗೆ ಇಳಿಯುವಾಗ ಮುಚ್ಚಿ ಲಾಕ್ ಮಾಡಿ. ಮೂಗಿನ ಮುಂದೆ ಬ್ರೆತ್ ಡಿಫ್ಲೆಕ್ಟರ್ ಇಲ್ಲದಿದ್ದರೆ ಹಾಕ್ಕೊಳ್ಳಿ.

ಡಿ-ರಿಂಗ್ ಬಗ್ಗೆಯೂ ಒಂದು ಮಾತು: ಪಟ್ಟಿ ಎರಡೂ ರಿಂಗ್ ಒಳಗಿಂದ ಹೋಗಿ, ವಾಪಸ್ ಬರುವಾಗ ಒಂದರ ಒಳಗಿಂದ ಮಾತ್ರ ಬರಬೇಕು. ತುದಿಯ ಬಟನ್ ಪಟ್ಟಿ ಗಾಳಿಗೆ ಹಾರದಿರಲಿ ಅಂತ ಇರೋದು, ಅದು ಹೆಲ್ಮೆಟ್ ಹಿಡಿಯಲ್ಲ.

ಬೂಟು: ರೇಸ್ ಬೂಟಿನ ತುದಿ ದಪ್ಪ, ಕಣಕಾಲು ಮೇಲೆ ಕೆಳಗೆ ಕಡಿಮೆ ಬಾಗುತ್ತೆ. ಆದ್ದರಿಂದ ಲಿವರ್ ಏರಿಸಬೇಕು, ಬೂಟು ಬದಲಿಸೋದು ಬೇಡ. ಗೇರ್ ಲಿವರಿಗೆ ಸೇರಿದ ಶಿಫ್ಟ್ ರಾಡ್‌ನ ಎರಡೂ ಲಾಕ್‌ನಟ್ ಸಡಿಲಿಸಿ, ರಾಡನ್ನ ಅರ್ಧ ಸುತ್ತು ತಿರುಗಿಸಿ, ಬೂಟ್ ಹಾಕಿ ನೋಡಿ, ಬೇಕಾದ್ರೆ ಇನ್ನರ್ಧ. ಒಂದು ತುದಿ ಸಾಮಾನ್ಯವಾಗಿ ಉಲ್ಟಾ ಥ್ರೆಡ್ ಇರುತ್ತೆ, ನಟ್ ಬರ್ತಿಲ್ಲ ಅಂತ ಒತ್ತಾಯ ಮಾಡಬೇಡಿ. ಎರಡೂ ತುದಿಯಲ್ಲಿ ಸಾಕಷ್ಟು ಥ್ರೆಡ್ ಒಳಗೆ ಉಳಿದಿರಬೇಕು. ಕ್ವಿಕ್‌ಶಿಫ್ಟರ್ (ಕ್ಲಚ್ ಹಿಡಿಯದೆ ಗೇರ್ ಬದಲಿಸೋ ಸಾಧನ) ಇದ್ದರೆ ಸೆನ್ಸರ್ ವೈರ್ ತಿರುಚದಂತೆ ನೋಡಿ. ನಟ್ ಬಿಗಿ ಮಾಡಿ, ಸ್ಟ್ಯಾಂಡ್ ಮೇಲೆ ಕೈಯಲ್ಲಿ ಹಿಂದಿನ ಚಕ್ರ ತಿರುಗಿಸುತ್ತಾ ಆರೂ ಗೇರ್ ಏರಿಸಿ ಇಳಿಸಿ. ಲಿವರ್ ಎಲ್ಲೂ ಫೇರಿಂಗ್‌ಗೆ ತಾಗದೆ ತಾನಾಗಿ ನಡುವಿಗೆ ವಾಪಸ್ ಬಂದರೆ ಸರಿಯಾಗಿದೆ.